ಹರಗ್ರಿ ಎಂದರೋ, ಹೊರಗ್ರಿ ಎಂದರೋ

ಸಾಹುಕಾರರು ಆ ದಿನ "ಹರಗ್ರಿ" ಎಂದರೋ "ಹೊರಗ್ರಿ" ಎಂದರೋ, ನಾನು ಆಣೆ ಮಾಡಿ ಹೇಳಲಾರೆ. ಅವರ ಬಾಯಲ್ಲಿ ತಂಬಾಕು ಇತ್ತು. ತಲೆಯ ಮೇಲೆ ಫ್ಯಾನು ಗಡಗಡ ಅನ್ನುತ್ತಿತ್ತು. ಹೊರಗೆ ಮಾರ್ಕೆಟ್ ಯಾರ್ಡಿನಲ್ಲಿ ಯಾರೋ ಲಾರಿ ಹಿಂದಕ್ಕೆ ತೆಗೆಯುತ್ತಿದ್ದರು. ಲಾರಿಯನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು. ತಪ್ಪು ಮಾಡಿದವನ ನೆನಪಿನಲ್ಲಿ ಯಾವಾಗಲೂ ಗದ್ದಲ ಸ್ವಲ್ಪ ಜಾಸ್ತಿಯೇ ಇರುತ್ತದೆ. ಆ ಒಂದು ಅಕ್ಷರದ ದೆಸೆಯಿಂದ ಒಬ್ಬ ಮನುಷ್ಯ ಹಾಕಿ ತಂಡ ಬಿಟ್ಟು ಮನೆಗೆ ಹೋದದ್ದಂತೂ ನಿಜ. ಕಳಿಸಿದವನು ನಾನು.

ಹುಣಸೂರಿನವನಾದ ನಾನು ಮುದ್ದೇಬಿಹಾಳಕ್ಕೆ ಬಂದದ್ದು ಕಾಲೇಜಿನಲ್ಲಿ ಇತಿಹಾಸ ಕಲಿಸಲು. ಊರಿನ ಹೆಸರಲ್ಲೇ ಮುದ್ದೆ ಇದೆಯಲ್ಲ ಎಂದು ಧೈರ್ಯ ತಂದುಕೊಂಡಿದ್ದೆ. ಮೊದಲ ದಿನ ಖಾನಾವಳಿಯಲ್ಲಿ, ಅಂದರೆ ಇಲ್ಲಿನ ಊಟದ ಹೋಟೆಲಿನಲ್ಲಿ, ಮುದ್ದೆ ಇದೆಯಾ ಎಂದು ಕೇಳಿದೆ. ಬಡಿಸುವವನು ಒಳಗೆ ತಿರುಗಿ, "ಇವ್ರಿಗೆ ಮುದ್ದಿ ಬೇಕಂತ, ಅನ್ನಾನ ಮುದ್ದಿ ಮಾಡಿ ಕೊಡ್ಲೇನು?" ಎಂದು ವಿಚಾರಿಸಿದ. ಆ ದಿನದಿಂದ ಜೋಳದ ರೊಟ್ಟಿಯೇ ಗತಿಯಾಯಿತು. ಮೊದಲ ವಾರ ಅದನ್ನು ಮುರಿಯುವ ಸದ್ದಿಗೆ ಪಕ್ಕದ ಮೇಜಿನವರು ತಿರುಗಿ ನೋಡುತ್ತಿದ್ದರು. ನನ್ನೂರಲ್ಲಿ ಊಟ ಸದ್ದಿಲ್ಲದೆ ಗಂಟಲಿಗಿಳಿಯುತ್ತದೆ.

ಮನೆ ಸಿಗುವುದು ಇನ್ನೂ ಕಷ್ಟವಾಯಿತು. ಒಂಟಿ ಗಂಡಸಿಗೆ ಯಾರೂ ಕೊಡಲೊಲ್ಲರು. ಕೊನೆಗೆ ಅಡತಿ ಅಂಗಡಿಯ ಈರಪ್ಪ ಸಾಹುಕಾರರ ಹತ್ತಿರ ಹೋದೆ. ಅಡತಿ ಎಂದರೆ ರೈತರ ಮಾಲನ್ನು ಮಾರಿಸಿಕೊಡುವ ವ್ಯಾಪಾರ. ಯಾವೂರು ಎಂದು ಕೇಳಿದರು. ಹುಣಸೂರು ಎಂದರೆ ಗೊತ್ತಾಗಲಿಲ್ಲ. ಕೊಡಗಿಗೆ ಹೋಗುವ ದಾರಿಯಲ್ಲಿ ಬರುತ್ತದೆ ಎಂದೆ. ಅವರು ಗಾದಿಯಿಂದ ಎದ್ದು ನಿಂತರು.

"ಕೊಡಗಿನವ್ರು! ಅಂದ್ರ ಹಾಕಿ ಆಡ್ತೀರಿ."

ನಾನು ಹಾಕಿ ಕೋಲು ಹಿಡಿದದ್ದು ಜೀವನದಲ್ಲಿ ಒಮ್ಮೆ, ಮಾವಿನಕಾಯಿ ಕೆಡವಲು. ಅದನ್ನು ಅಲ್ಲೇ ಹೇಳಿದೆನೋ ಇಲ್ಲವೋ, ಸರಿಯಾಗಿ ನೆನಪಿಲ್ಲ. ಅಷ್ಟರಲ್ಲಿ ಮನೆಯ ಕೀಲಿ ನನ್ನ ಕೈಗೆ ಬಂದಿತ್ತು. ಸಾಹುಕಾರರು ಊರಿನ ಹಾಕಿ ಸಂಘದ ಅಧ್ಯಕ್ಷರು ಎಂಬುದು ಮರುದಿನ ತಿಳಿಯಿತು. ನಾನು ಅದರ ಮ್ಯಾನೇಜರ್ ಎಂಬುದು ಅದರ ಮರುದಿನ.

ತಂಡದ ಸ್ಥಿತಿ ಹೇಳುವ ಹಾಗಿರಲಿಲ್ಲ. ಹಿಂದಿನ ವರ್ಷ ಇಂಡಿಯಲ್ಲಿ ಸೋತಿತ್ತು, ಸಿಂದಗಿಯಲ್ಲಿ ಸೋತಿತ್ತು. ಬಸವನ ಬಾಗೇವಾಡಿಯಲ್ಲಿ ಎದುರಾಳಿಗಳು ಬರಲಿಲ್ಲವೆಂದು ಇವರು ಊಟಕ್ಕೆ ಹೋಗಿ, ಅವರು ಬಂದಾಗ ಮೈದಾನದಲ್ಲಿ ಇಲ್ಲದೆ ಸೋತಿತ್ತು. ಮಳೆಗಾಲದ ಆರಂಭದಲ್ಲಿ ಅಂಗಡಿಯಲ್ಲೇ ಸಭೆ ಸೇರಿತು. ನಾನು ತಂಡವನ್ನು ಹೊಸದಾಗಿ ಕಟ್ಟುವ ಬಗ್ಗೆ ಮೂರು ಪುಟದ ಯೋಜನೆ ಓದಿದೆ. ಹಳಬರನ್ನು ಬಿಡಬೇಕು, ಹೊಸಬರಿಗೆ ಜಾಗ ಕೊಡಬೇಕು, ಸಿಕ್ಕ ಸಿಕ್ಕ ಪಂದ್ಯವನ್ನೆಲ್ಲ ಆಡಿಸಬೇಕು. ಎಲ್ಲವೂ ಫೋನಿನಲ್ಲಿ ಓದಿದ್ದು. ಸಾಹುಕಾರರು ತೊಗರಿಯ ಮಾದರಿಯನ್ನು ಅಂಗೈಯಲ್ಲಿಟ್ಟು ನೋಡುವ ಹಾಗೆ ನನ್ನನ್ನು ನೋಡಿ, ಒಂದು ಮಾತು ಹೇಳಿದರು. ನನಗೆ ಕೇಳಿದ್ದು, "ಹಳೇ ಹುಡುಗ್ರು ಈ ಹಂಗಾಮ ಹೊರಗ್ರಿ."

ನನ್ನ ಯೋಜನೆಯೇ ಪಾಸಾಯಿತೆಂದು ಹಿಗ್ಗಿದೆ. ಕಾರ್ಯದರ್ಶಿ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಎಲ್ಲರೂ ಸಹಿ ಮಾಡಿದೆವು. ಚಹಾ ಬಂತು.

ಹಳೇ ಹುಡುಗರು ಎಂದರೆ ಐದು ಜನ. ಅವರಲ್ಲಿ ಹಿರಿಯ ಯಮನಪ್ಪ, ಆಟೋ ಓಡಿಸುವವನು. ಹದಿನಾರು ವರ್ಷದಿಂದ ಗೋಲಿನ ಮುಂದೆ ಕಾವಲು ನಿಂತವನು. ನಮ್ಮ ಕಡೆ ಯಾರೂ ಮಗುವಿಗೆ ಯಮನ ಹೆಸರಿಡುವುದಿಲ್ಲ. ಆದ್ದರಿಂದ ಅವನ ಆಟೋ ಹತ್ತಲು ನನಗೆ ಮೊದಮೊದಲು ಅಳುಕಿತ್ತು. ಈ ಸಲ ತಾಲ್ಲೂಕುಗಳ ಪಂದ್ಯಾವಳಿ ಮೊದಲ ಬಾರಿಗೆ ಮುದ್ದೇಬಿಹಾಳದಲ್ಲೇ ನಡೆಯುವುದಿತ್ತು. ಅವನು ದಾರಿಯಲ್ಲಿ ಒಮ್ಮೆ ಹೇಳಿದ್ದ: "ಈ ವರ್ಸ ನಮ್ಮೂರಾಗ ಆಡಿ ಬಿಟ್ಟಬಿಡ್ತೇನಿ ಸರ. ನಮ್ಮಾಕಿ ಒಮ್ಮೆನೂ ನೋಡಿಲ್ಲ. ಇಂಡಿಗೆ ಹೋಗಿ ನಾ ಏನ ಮಾಡ್ತೇನಿ ಅಂತ ಆಕಿಗೆ ಇನ್ನಾ ಸಂಶೇ ಐತಿ."

ಅಂಥವನಿಗೆ ನಾನು ಮೈದಾನದಲ್ಲಿ ನಿಂತು, ಈ ಹಂಗಾಮಿಗೆ ನೀನಿಲ್ಲ ಎಂದೆ.

"ಸಾವ್ಕಾರ್ರು ಅಂದ್ರೇನ್ರಿ?"

ಹೌದು ಎಂದೆ. "ಆತ ಬಿಡ್ರಿ" ಎಂದು ಕೋಲನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ಹೋದ. ಉಳಿದ ನಾಲ್ವರು ಅವನ ಹಿಂದೆ ಹೋದರು.

ಎರಡು ವಾರ ಹೊಸ ಹುಡುಗರದೇ ರಾಜ್ಯ. ಎಲ್ಲರೂ ಗೋಲು ಹೊಡೆಯುವವರೇ, ತಡೆಯುವವರು ಯಾರೂ ಇಲ್ಲ. ಚೆಂಡು ಎಲ್ಲಿಗೆ ಹೋದರೂ ಹತ್ತು ಜನ ಅಲ್ಲಿಗೇ ಓಡುತ್ತಿದ್ದರು. ಯಮನಪ್ಪನ ಆಟೋ ಮಾತ್ರ ದಿನಾ ಸಂಜೆ ಮೈದಾನದ ಮೋಟುಗೋಡೆಯ ಆಚೆ, ಮೈದಾನಕ್ಕೆ ಬೆನ್ನು ಹಾಕಿ ನಿಂತಿರುತ್ತಿತ್ತು. ಮುನಿಸೆಂದುಕೊಂಡೆ. ಒಂದು ದಿನ ಹತ್ತಿರ ಹೋದಾಗ ಗೊತ್ತಾಯಿತು, ಅದರ ಕನ್ನಡಿ ನೇರವಾಗಿ ನಮ್ಮ ಗೋಲಿನ ಕಡೆಗೆ ತಿರುಗಿತ್ತು.

ಮೂರನೇ ವಾರ ಸಾಹುಕಾರರು ಬಂದು, ಹರಗೋದು ಎಲ್ಲಿಗೆ ಬಂತು, ಯಮನಪ್ಪ ಎಲ್ಲಿ ಎಂದು ಕೇಳಿದರು. ನೀವೇ ಹೊರಗೆ ಎಂದಿರಲ್ಲ ಎಂದೆ. ಅವರು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ತಮ್ಮ ಎರೆ ಹೊಲಕ್ಕೆ ಹೋದರು. ಒಳ್ಳೆಯ ಮಳೆಯಾಗಿತ್ತು, ಆದರೆ ಕಣ್ಣು ಹಾಯುವಷ್ಟು ದೂರ ಕಪ್ಪು ಮಣ್ಣು ಬರಿದಾಗಿತ್ತು. ನಮ್ಮಲ್ಲಿ ಇಷ್ಟು ಮಳೆ ಬಿದ್ದರೆ ಒಂದು ಗೇಣು ನೆಲವನ್ನೂ ಬಿಡುವುದಿಲ್ಲ. ಒಬ್ಬ ಮಾತ್ರ ಎತ್ತು ಹೂಡಿ, ಖಾಲಿ ಹೊಲದಲ್ಲಿ ಅತ್ತಿಂದಿತ್ತ ಕುಂಟೆ ಹೊಡೆಯುತ್ತಿದ್ದ.

"ಇದಕ್ಕ ಹರಗೂದು ಅಂತಾರ್ರಿ ಮಾಸ್ತರ," ಎಂದರು ಸಾಹುಕಾರರು. "ಎರಿ ಹೊಲಕ್ಕ ಮುಂಗಾರಿಗೆ ಬಿತ್ತೂದಿಲ್ಲ, ಬರೇ ಹರಗೂದು. ಕಸಾ ಸಾಯ್ತೈತಿ, ಹಸಿ ಒಳಗ ಉಳಿತೈತಿ. ಬಿತ್ತೂದು ಹಿಂಗಾರಿಗೆ. ನೋಡಿದವ್ರಿಗೆ ಖಾಲಿ ಕಾಣ್ತೈತಿ, ಅಷ್ಟ. ಹಳೇ ಹುಡುಗ್ರನ್ನ ಹರಗ್ರಿ ಅಂದ್ರ ನೀವು ಕಿತ್ತ ಒಗದ್ರಿ."

ಅವರ ಲೆಕ್ಕ ಸರಳವಾಗಿತ್ತು. ಮಳೆಗಾಲ ಪೂರ್ತಿ ಒಂದೂ ಪಂದ್ಯ ಬೇಡ. ಹಳಬನೊಬ್ಬ, ಹೊಸಬನೊಬ್ಬ ಜೋಡಿಯಾಗಿ ದಿನಾ ತಾಲೀಮು ಮಾಡಲಿ. ಜೋಳ ಬಿತ್ತಿದ ಮೇಲೆ ಪಂದ್ಯಾವಳಿ, ಆಗ ನೋಡೋಣ. ನನ್ನ ಮೂರು ಪುಟದಲ್ಲಿ ಇದಿರಲಿಲ್ಲ.

ಅಲ್ಲಿಂದ ನೇರ ಯಮನಪ್ಪನ ಮನೆಗೆ. ಕ್ಷಮೆ ಕೇಳಲು ನಾನು ವಾಕ್ಯ ಜೋಡಿಸಿಕೊಳ್ಳುತ್ತಿದ್ದಾಗಲೇ ಸಾಹುಕಾರರು ಚಾಪೆಯ ಮೇಲೆ ಕುಳಿತು ಶುರು ಮಾಡಿದರು.

"ಯಮನಪ್ಪಾ, ತಪ್ಪು ನಂದೋ. ಬಾಯಾಗ ತಂಬಾಕ ಇತ್ತು. ಹರಗ್ರಿ ಅನ್ನಾವ ಹೊರಗ ಅಂದೆ. ಮಾಸ್ತರ ಏನ ಮಾಡ್ತಾರ? ನಾ ಅಂದದ್ದ ಮಾಡ್ಯಾರ."

ಹೊಲದಲ್ಲಿ ಹೇಳಿದ್ದು ಒಂದು, ಇಲ್ಲಿ ಹೇಳುತ್ತಿರುವುದು ಇನ್ನೊಂದು. ಯಾವುದು ನಿಜ? ಯಮನಪ್ಪನ ಹೆಂಡತಿ ಶಾಂತವ್ವ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟು ನಡುವೆ ಬಾಯಿ ಹಾಕಿದಳು.

"ಸಾವ್ಕಾರ್ರ, ಈ ಮನಷ್ಯಾ ಹದಿನೈದ ದಿನಾ ಆತು, ಆಟೋದಾಗ ಕುಂತ ಕನ್ನಡಿ ನೋಡಾಕತ್ತಾನಂತ. ಯಾವಾಕೀನ ನೋಡ್ತಾನ ಅಂತ ನಾ ಮಂದೀನ ಕೇಳೂಹಂಗ ಆಗೇತಿ. ಇದಕ್ಕಿಂತ ಹಾಕೀನ ಚಲೋ. ಕರಕೊಂಡ ಹೋಗ್ರಿ."

ಯಮನಪ್ಪ ಮೊದಲ ಸಲ ನಕ್ಕ. ಬರುತ್ತೇನೆ, ಆದರೆ ಒಂದು ಷರತ್ತು ಎಂದ. "ಸರ ಒಂದ ವಾರ ಗೋಲಿನ್ಯಾಗ ನಿಂದರಬೇಕು."

ಆ ವಾರದ ಬಗ್ಗೆ ನನ್ನ ನೆನಪಿಗೆ ಯಾವ ಅನುಮಾನವೂ ಇಲ್ಲ. ಎರಡೂ ಮೊಣಕಾಲುಗಳಲ್ಲಿ ಪುರಾವೆ ಇದೆ.

ಉಳಿದ ನಾಲ್ವರೂ ಯಮನಪ್ಪನ ಹಿಂದೆಯೇ ತಿರುಗಿ ಬಂದರು. ಮಳೆಗಾಲ ಪೂರ್ತಿ ಹರಗಿದೆವು. ಇಂಡಿಯವರು ಸ್ನೇಹದ ಪಂದ್ಯಕ್ಕೆ ಕರೆದರೂ ಹೋಗಲಿಲ್ಲ. ಊರಿನ ಜನ ನಮ್ಮ ತಂಡ ಮುಗಿಯಿತೆಂದೇ ತಿಳಿದರು. ಹತ್ತು ಜನ ಒಂದೇ ಚೆಂಡಿನ ಹಿಂದೆ ಓಡುವುದು ನಿಧಾನವಾಗಿ ನಿಂತಿತು. ಜೋಳ ಮೊಳಕೆ ಬಂದಾಗ ಪಂದ್ಯಾವಳಿ ನಡೆಯಿತು. ಇಂಡಿಯನ್ನು ಗೆದ್ದೆವು, ಸಿಂದಗಿಗೆ ಒಂದೇ ಗೋಲಿನಿಂದ ಸೋತೆವು. ಶಾಂತವ್ವ ಕೊಡೆ ಹಿಡಿದು ಮೊದಲಿಂದ ಕೊನೆತನಕ ಕುಳಿತಿದ್ದಳು. ಮುಗಿದ ಮೇಲೆ ಯಮನಪ್ಪ ಅವಳ ಹತ್ತಿರ ಹೋಗಿ, ನೋಡಿದ್ಯಲ್ಲ, ಇನ್ನು ಬಿಡುತ್ತೇನೆ ಎಂದ.

"ಬಿಡ್ತಾನಂತ," ಎಂದಳು. "ಸಿಂದಗಿಯ ಆ ಉದ್ದನ್ನಾವ ಪ್ರತಿ ಸಲ ಎಡಕ್ಕ ಹೊಳ್ಳತಾನ. ಮುಂದಿನ ವರ್ಸ ಮೊದಲ ಅವನ್ನ ಹಿಡಿ."

ಯಮನಪ್ಪ ಈ ವರ್ಷವೂ ಆಡುತ್ತಿದ್ದಾನೆ.

ರಜೆಯಲ್ಲಿ ಹುಣಸೂರಿಗೆ ಹೋದಾಗ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ನನ್ನ "ಲಗೂ", "ಚಲೋ" ಕೇಳಿ ಅವಳು ನಗುತ್ತಲೇ ಇದ್ದಳು. ಹರಗುವುದು ಎಂಬ ವಿಚಿತ್ರ ಪದವನ್ನು ವಿವರಿಸಹೋದರೆ, "ಅಜ್ಜ ರಾಗಿ ಹೊಲ ಹರಗ್ತಿರಲಿಲ್ವೇನೋ? ನೀನೇ ಹಿಂದೆ ಹಿಂದೆ ಓಡ್ತಿದ್ದೆ" ಎಂದಳು. ನನಗೆ ನೆನಪಾಗಲಿಲ್ಲ. ಮೂರನೇ ದಿನಕ್ಕೆ ಮುದ್ದೆ ಸಪ್ಪೆ ಎನ್ನಿಸಿ ರೊಟ್ಟಿ ನೆನಪಾಯಿತು. ಇಲ್ಲಿಗೆ ಬಂದ ಮೂರನೇ ದಿನಕ್ಕೆ ಮತ್ತೆ ಮುದ್ದೆ ನೆನಪಾಯಿತು. ಅಲ್ಲಿ ನನ್ನನ್ನು ಬಿಜಾಪುರದವನು ಎನ್ನುತ್ತಾರೆ, ಇಲ್ಲಿ ಇನ್ನೂ ಕೊಡಗಿನವರು ಎನ್ನುತ್ತಾರೆ.

ಇದನ್ನು ಬರೆಯಲು ಕೂತ ಮೇಲೆ ಕಾರ್ಯದರ್ಶಿಯ ಮನೆಗೆ ಹೋಗಿ ನಡಾವಳಿ ಪುಸ್ತಕ ತೆಗೆಸಿ ನೋಡಿದೆ. "ಹಳೆಯ ಆಟಗಾರರನ್ನು ಈ ಹಂಗಾಮು ಹರಗುವುದು ಎಂದು ಠರಾಯಿಸಲಾಯಿತು." ಅಕ್ಷರ ದುಂಡಗಿದೆ, ಗೊಂದಲಕ್ಕೆ ಎಡೆಯೇ ಇಲ್ಲ. ಕೆಳಗೆ "ಓದಿ ನೋಡಿ ಒಪ್ಪಿದ್ದೇವೆ" ಎಂದಿದೆ. ಅದರ ಕೆಳಗಿನ ಮೊದಲ ಸಹಿ ನನ್ನದು.