ಧಣಿಗಳ ಪುಸ್ತಕದಲ್ಲಿ ಬರೆದ ವೈರಸ್

ಠಾಣೆಯ ಎಚ್‌ಐವಿ ಚಿಕಿತ್ಸಾ ಕೇಂದ್ರವೊಂದರಲ್ಲಿ ನಾನು ಕೌನ್ಸೆಲರ್. ಮಾಜಿವಾಡಾದ ಉಡುಪಿ ಹೋಟೆಲಿನಲ್ಲಿ ಅಡುಗೆ ಮಾಡುವ ಸುಧಾಕರಣ್ಣ ಒಂದು ದಿನ ಬಂದು, "ಈಗ ಆರಾಮ ಇದ್ದೇನೆ ಮೇಡಮ್, ಇನ್ನು ಗುಳಿಗೆ ಸಾಕು" ಎಂದರು. ನಾನು ಗಾಬರಿಯಾಗಿ ಚಾರ್ಟ್ ಬಿಡಿಸಿ ಕೊರೆಯತೊಡಗಿದೆ. ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬರೆದು ನಮ್ಮ ಜೀವಕೋಶದ ಡಿಎನ್‌ಎಯೊಳಗೇ ಸೇರಿಸುತ್ತದೆ ಎಂದಾಗ ಅವರು ಕೈಯೆತ್ತಿ ತಡೆದರು.

"ನಿಲ್ಲಿ ಮಾರಾಯ್ರೆ. ನಮ್ಮ ಹೋಟೆಲಲ್ಲಿ ಯಾವ ದಿನ ಯಾವ ಐಟಮ್ ಅಂತ ಧಣಿಗಳ ಪುಸ್ತಕದಲ್ಲಿ ಉಂಟು. ಅದು ನೋಡಿ ಮ್ಯಾನೇಜರ್ ಚೀಟಿ ಬರೀತಾರೆ, ಚೀಟಿ ನೋಡಿ ನಾನು ಅಡುಗೆ ಮಾಡುದು. ಈ ವೈರಸ್ ಚೀಟಿ ಹಿಡ್ಕೊಂಡು ಬಂದು ಪುಸ್ತಕದಲ್ಲೇ ಬರೆದುಬಿಟ್ಟಿತಲ್ಲ! ಇನ್ನು ದಿನಾ ಅದರದ್ದೇ ಐಟಮ್. ಪುಸ್ತಕದಲ್ಲಿ ಉಂಟು ಅಂದ್ಮೇಲೆ ಅಡುಗೆಯವ ಯಾಕೆ ಅಂತ ಕೇಳುದಿಲ್ಲ."

ಪುಸ್ತಕ ಡಿಎನ್‌ಎ, ಚೀಟಿ ಆರ್‌ಎನ್‌ಎ! ನಾನು ಬೆರಗಾಗಿ ಚಾರ್ಟ್ ಮಡಚಿದೆ.

"ಗುಳಿಗೆ ಆ ಬರೆದದ್ದನ್ನು ಅಳಿಸ್ತದಾ?"

"ಇಲ್ಲ. ಬೇರೆ ಜೀವಕೋಶಗಳ ಪುಸ್ತಕಗಳಲ್ಲಿ ಬರೆಯದ ಹಾಗೆ ತಡೀತದೆ. ಗುಳಿಗೆ ನಿಲ್ಲಿಸಿದರೆ ಮತ್ತೆ ಬರೀಲಿಕ್ಕೆ ಶುರು."

ಅವರು "ಹಾಗಾದ್ರೆ ಈ ತಿಂಗಳದ್ದು ಕೊಡಿ" ಎಂದು ಚೀಲ ಚಾಚಿದರು.

ಮರುದಿನವೇ ಚಾರ್ಟ್ ಕಪಾಟು ಸೇರಿತು. ಬಂದವರಿಗೆಲ್ಲ ನಾನು ಹೇಳುವುದು ಈಗ ಪುಸ್ತಕ, ಚೀಟಿಯ ಕಥೆಯನ್ನೇ, ಅದೂ ನನ್ನದೇ ಮಾತೆಂಬಂತೆ. ನನ್ನ ಪುಸ್ತಕದಲ್ಲಿ ಸುಧಾಕರಣ್ಣ ಬರೆದು ಹೋಗಿದ್ದಾರೆ; ನಾನೂ ಯಾಕೆ ಅಂತ ಕೇಳಲಿಲ್ಲ.