ಸಾವಿನ ಮನೆಗೆ ಮೂಗು ಮುಚ್ಚಿಕೊಂಡು ಹೋದದ್ದು

ಕಂಪ್ಲಿಯ ಆ ಅಂಗಳದಲ್ಲಿ ನನಗಾಗಿ ತಂದಿಟ್ಟ ಚಹಾವನ್ನು ನಾನು ಕುಡಿಯಲಿಲ್ಲ. ಕಾಗದದ ಲೋಟದಲ್ಲಿ ತಂದು, ನನ್ನ ಕುರ್ಚಿಯಿಂದ ಒಂದು ಮಾರು ದೂರ ನೆಲದ ಮೇಲಿಟ್ಟು, ತಂದವನು ಹಿಂದಕ್ಕೆ ಸರಿದು ಕೈಕಟ್ಟಿ ನಿಂತ. ಹಾಗೆ ನೆಲದ ಮೇಲಿಟ್ಟು ಯಾರಿಗೆ ಕೊಡುವ ರೂಢಿ ಆ ಮನೆಯಲ್ಲಿತ್ತೆಂಬುದು ನನಗೂ ಗೊತ್ತು, ಇಟ್ಟವನಿಗೂ ಗೊತ್ತು. ಆ ರೂಢಿಯನ್ನು ಕಂಡೂ ಕಾಣದಂತೆ ಎಷ್ಟೋ ವರ್ಷ ಅದೇ ಮನೆಯ ಸ್ಟೀಲ್ ಲೋಟದಲ್ಲಿ ಚಹಾ ಕುಡಿದವನು ನಾನು. ಅಂದು ಅದು ನನ್ನ ಕಾಲಬುಡಕ್ಕೆ ಬಂದಾಗ ಮಾತ್ರ ಅದರ ಬಿಸಿ ತಿಳಿಯಿತು.

ರೋಗದ ಎರಡನೆಯ ಅಲೆ ಇಳಿಯುತ್ತಿದ್ದ ದಿನಗಳು. ನನ್ನ ಹೆಂಡತಿಯ ಅಣ್ಣನವರದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಅವರ ಹೆಂಡತಿ ತೀರಿಕೊಂಡಿದ್ದರು. ಹೃದಯ ನಿಂತಿತು ಎಂದು ಫೋನಿನಲ್ಲಿ ಹೇಳಿದರು. ಆ ದಿನಗಳಲ್ಲಿ ಎಲ್ಲರ ಮನೆಯಲ್ಲೂ ಹೃದಯವೇ ನಿಲ್ಲುತ್ತಿತ್ತು. ಪರೀಕ್ಷೆ ಮಾಡಿಸಿದವರು ಯಾರೂ ಇರಲಿಲ್ಲ. ವಾಹನಗಳು ಬಂದ್ ಆಗಿದ್ದುದರಿಂದ ಮಣ್ಣಿಗೆ ಹೋಗಲಾಗಲಿಲ್ಲ. ನಿರ್ಬಂಧ ಸಡಿಲವಾದ ಮೇಲೆ, ಮಾತಾಡಿಸಿಕೊಂಡು ಬರೋಣವೆಂದು ಹೊಸಪೇಟೆಯಿಂದ ಬಾಡಿಗೆ ಕಾರು ಮಾಡಿಕೊಂಡು ನಾವಿಬ್ಬರೂ ಹೊರಟೆವು.

ನನ್ನ ಹೆಂಡತಿಯ ಎದೆ ಚೆನ್ನಾಗಿಲ್ಲ. ನಾನು ಯಶವಂತನಗರದಲ್ಲಿ ಒಂದು ಗಣಿಯ ತೂಕದ ಕಚೇರಿಯಲ್ಲಿ ಕೆಲಸ ಮಾಡಿದವನು. ನಮ್ಮ ಕ್ವಾರ್ಟರ್ಸು ಅದಿರಿನ ಲಾರಿಗಳ ರಸ್ತೆಯ ಅಂಚಿಗೇ ಇತ್ತು. ಬೆಳಿಗ್ಗೆ ಒಗೆದು ಹರವಿದ ಬಿಳಿ ಪಂಚೆ ಸಂಜೆಗೆ ಕೆಂಪಾಗುತ್ತಿತ್ತು. ಆ ಧೂಳನ್ನು ನಾನು ಸಂಬಳಕ್ಕಾಗಿ ಉಸಿರಾಡಿದೆ. ಆಕೆ ನನಗಾಗಿ ಉಸಿರಾಡಿದಳು. ನಾನು ನೆಟ್ಟಗಿದ್ದೇನೆ. ಆಕೆ ನಾಲ್ಕು ಮೆಟ್ಟಿಲು ಹತ್ತಿದರೆ ಎದೆಯೊಳಗೆ ಸಣ್ಣಗೆ ಸಿಳ್ಳೆ ಕೇಳುತ್ತದೆ. "ಇವರಿಗೆ ಆ ರೋಗ ತಗುಲದಂತೆ ನೋಡಿಕೊಳ್ಳಿ. ತಗುಲಿದ ಮೇಲೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ" ಎಂದು ವೈದ್ಯರು ಹೇಳಿದ್ದರು. ಅಂದಿನಿಂದ ನನ್ನ ಮನೆಯಲ್ಲಿ ಮಾಸ್ಕಿನ ವಿಷಯದಲ್ಲಿ ಚರ್ಚೆಗೆ ಅವಕಾಶವಿರಲಿಲ್ಲ.

ಮುಖ ಮುಚ್ಚುವುದು ನಮ್ಮ ಸೀಮೆಗೆ ಹೊಸದೇನಲ್ಲ. ಸಂಡೂರಿನ ರಸ್ತೆಯಲ್ಲಿ ಮುಖಕ್ಕೆ ಟವೆಲ್ಲು ಸುತ್ತದೆ ಲಾರಿ ಓಡಿಸಿದವರು ಯಾರಿದ್ದಾರೆ? ಆದರೆ ತೂಕದ ಕಚೇರಿಯ ಕಿಟಕಿಗೆ ಬಂದವನು ಆ ಟವೆಲ್ಲನ್ನು ಗದ್ದದ ಕೆಳಕ್ಕೆ ಎಳೆದುಕೊಂಡೇ ಮಾತಾಡಬೇಕು. ಅದು ಮರ್ಯಾದೆ. ಎಳೆಯದೆ ಮಾತಾಡಿದ ಗಾದಿಗನೂರಿನ ಚಾಲಕನೊಬ್ಬನ ಎರಡು ಕಣ್ಣುಗಳನ್ನು ನಾನು ಇಂದಿಗೂ ಗುರುತಿಸಬಲ್ಲೆ. ಧೂಳಿಗೆ ಮುಚ್ಚಬೇಕು, ಮನುಷ್ಯರಿಗೆ ತೆರೆಯಬೇಕು. ನಮ್ಮ ಜನ ಕಲಿತದ್ದು ಇದನ್ನೇ. ಆದ್ದರಿಂದಲೇ ರೋಗದ ಕಾಲದಲ್ಲಿ, ಹೊಸಪೇಟೆಯ ಖಾಲಿ ಬೀದಿಯಲ್ಲಿ ಭದ್ರವಾಗಿ ಮಾಸ್ಕು ಹಾಕಿಕೊಂಡು ನಡೆಯುತ್ತಿದ್ದವರು, ಪರಿಚಯದವರು ಎದುರಾದೊಡನೆ ಅದನ್ನು ಕೆಳಗೆ ಎಳೆದು, ಮುಖ ಹತ್ತಿರ ತಂದು "ಅರಾಮ ಅದೀರೇನ್ರಿ?" ಎಂದು ಕೇಳುತ್ತಿದ್ದರು. ಕಾಯಿಪಲ್ಯದ ಅಂಗಡಿಯವನಿಗೆ ಒಮ್ಮೆ ನಾನು ಎಚ್ಚರಿಕೆ ಹೇಳಿದ್ದಕ್ಕೆ, "ಅಜ್ಜಾರ, ಗಣಿ ಧೂಳು ತಿಂದ ಎದಿ ಇದು. ಈ ರೋಗ ಬಂದ್ರ ಅದಕ್ಕ ಕೆಮ್ಮು ಬರ್ತೈತಿ" ಎಂದು ನಕ್ಕಿದ್ದ. ಅವನ ಅಂಗಡಿಗೆ ನಾನು ಮತ್ತೆ ಹೋಗಿಲ್ಲ.

ಕಂಪ್ಲಿಯ ಮನೆಯ ಅಂಗಳದಲ್ಲಿ ಬೆಂಚಿನ ತುಂಬ ಜನ ಕುಳಿತಿದ್ದರು. ಯಾರ ಮುಖಕ್ಕೂ ಬಟ್ಟೆಯಿರಲಿಲ್ಲ. ನಾವು ಒಳಗೆ ಕಾಲಿಡುತ್ತಿದ್ದಂತೆ ಹೆಂಡತಿಯ ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ರಿ ಭಾವಾರ, ಸತ್ತಾರ ಮನಿಗೆ ಮೂಗು ಮುಚ್ಚಿಗೆಂಡು ಬಂದೀರಲ್ಲ? ಅಷ್ಟು ನಾತ ಬರಾಕತ್ತೈತೇನ್ರಿ ನಮ್ಮ ಮನಿ?"

ಸಾವಿನ ಮನೆಯಲ್ಲಿ ಮೂಗಿಗೆ ಬಟ್ಟೆ ಹಿಡಿಯುವುದಕ್ಕೆ ನಮ್ಮಲ್ಲಿ ಅದೊಂದೇ ಅರ್ಥ. ಹೊರಡುವ ಮುನ್ನ ನಾನು ಎಲ್ಲವನ್ನೂ ಯೋಚಿಸಿದ್ದೆ, ಕೈಗೆ ಹಚ್ಚಿಕೊಳ್ಳುವ ಔಷಧಿಯನ್ನೂ ಜೇಬಿನಲ್ಲಿಟ್ಟಿದ್ದೆ. ಇದನ್ನು ಮಾತ್ರ ಯೋಚಿಸಿರಲಿಲ್ಲ.

"ಹಂಗಲ್ರಿ. ನಿಮ್ಮ ತಂಗಿಗೆ ಎದಿ ಸರಿ ಇಲ್ಲ. ಡಾಕ್ಟರು ಹೇಳ್ಯಾರ."

"ನಂಗೂ ಡಾಕ್ಟರು ಹೇಳ್ಯಾರ್ರಿ, ಉಪ್ಪು ಬಿಡು ಅಂತ. ಬಿಟ್ಟೀನೇನು?"

ಬೆಂಚಿನ ಮೇಲಿದ್ದವರು ನಕ್ಕರು. ಸಾವಿನ ಮನೆಯಲ್ಲಿ, ನನ್ನನ್ನು ನೋಡಿ ನಕ್ಕರು.

ಅಷ್ಟರಲ್ಲಿ ತೀರಿಕೊಂಡವರ ಮಗಳು ಒಳಗಿನಿಂದ ಬಂದಳು. ಸಾವಿನ ನಂತರ ಮೊದಲ ಸಲ ಎದುರಾದ ಹೆಂಗಸರು ಕೊರಳಿಗೆ ಕೊರಳು ಹಚ್ಚಿ ಅಳಬೇಕು. ಆ ಅಳು ಆಗುವವರೆಗೆ ಮಾತಾಡಿಸಿದಂತೆಯೇ ಅಲ್ಲ. ಆ ಹುಡುಗಿ "ಅತ್ತೀ…" ಎಂದು ಎರಡೂ ಕೈ ಚಾಚಿ ನನ್ನ ಹೆಂಡತಿಯ ಕಡೆಗೆ ಓಡಿಬಂದಳು. ಬರುವ ಮುನ್ನ ಹೊಸ್ತಿಲಲ್ಲಿ ನಿಂತು ಕೆಮ್ಮಿದ್ದಳು. ಅತ್ತು ಅತ್ತು ಒಣಗಿದ ಗಂಟಲಿನ ಕೆಮ್ಮೋ, ಇನ್ನೊಂದೋ, ತಿಳಿಯುವಂತಿರಲಿಲ್ಲ. ನಾನು ಇಬ್ಬರ ನಡುವೆ ಬಂದು, ಕೈಯಲ್ಲಿದ್ದ ಮಡಚಿದ ಕೊಡೆಯನ್ನು ಅಡ್ಡ ಹಿಡಿದೆ.

"ಅಲ್ಲೇ ನಿಂದ್ರವ್ವ."

ಆಕೆ ನಿಂತಳು. ಚಾಚಿದ ಕೈಗಳು ಸ್ವಲ್ಪ ಹೊತ್ತು ಹಾಗೆಯೇ ಇದ್ದವು. ಆಮೇಲೆ ಅವನ್ನು ಇಳಿಸಿ, ಏನೋ ಮೆತ್ತಿದೆಯೆಂಬಂತೆ ಅಂಗೈಗಳನ್ನು ಸೀರೆಗೆ ಒರೆಸಿಕೊಂಡಳು. ನನ್ನ ಹಿಂದೆ ಹೆಂಡತಿ ನನ್ನ ಅಂಗಿಯನ್ನು ಬೆನ್ನಿನ ಮೇಲೆ ಗಟ್ಟಿಯಾಗಿ ಹಿಡಿದಿದ್ದಳು. ನನ್ನನ್ನು ಪಕ್ಕಕ್ಕೆ ಎಳೆಯಲೆಂದೋ, ಅಲ್ಲೇ ನಿಲ್ಲಿಸಲೆಂದೋ, ನಾನು ಕೇಳಿಲ್ಲ, ಆಕೆ ಹೇಳಿಲ್ಲ.

"ಕುರ್ಚಿ ಹಾಕ್ರಲೇ, ಅಲ್ಲಿ ತೌಡಿನ ಚೀಲದ ಹತ್ರ" ಎಂದರು ಹೆಂಡತಿಯ ಅಣ್ಣ. "ಭಾವಾರಿಗೆ ಗಾಳಿ ಬೇಕಂತ."

ಆಗ ಬಂದದ್ದು ಆ ಚಹಾ. ಅದು ತಣ್ಣಗಾಗುವುದನ್ನು ನೋಡುತ್ತ ಅವರು ಮತ್ತೊಂದು ಮಾತು ಎಸೆದರು: "ಬಾಯಿ ತಗದು ಕುಡಿತೀರೋ, ಅರಿವ್ಯಾಗ ಸೋಸಿಗೆಂಡು ಕುಡಿತೀರೋ?"

ನನ್ನ ಹೆಂಡತಿ ಅಂಗಳದ ಈ ಬದಿಯಲ್ಲಿ, ಸೋದರ ಸೊಸೆ ಆ ಬದಿಯ ಬಾಗಿಲಲ್ಲಿ. ಸಾಯುವ ಮುನ್ನ ಅತ್ತಿಗೆ ಏನಂದಳು, ನೀರು ಕೇಳಿದಳೇ, ಯಾರು ಹತ್ತಿರವಿದ್ದರು, ಎಲ್ಲವನ್ನೂ ಆಕೆ ಕೂಗಿ ಕೇಳಬೇಕಾಯಿತು. ಹುಡುಗಿ ಕೂಗಿಯೇ ಉತ್ತರ ಕೊಟ್ಟಳು. ಕಿವಿಯಲ್ಲಿ ಆಡಬೇಕಾದ ಮಾತುಗಳನ್ನು ಬೆಂಚಿನ ಜನರೆಲ್ಲ ಕೇಳಿದರು.

ಮರಳುವಾಗ ಕಮಲಾಪುರದಲ್ಲಿ ಹಂಪಿಗೆ ತಿರುಗುವ ರಸ್ತೆ ನಿರ್ಜನವಾಗಿತ್ತು. ಅಲ್ಲಿ ಹೆಂಡತಿ ಮೊದಲ ಸಲ ಬಾಯಿಬಿಟ್ಟಳು.

"ನೀವು ಮಾಡಿದ್ದು ಖರೇನ ಐತ್ರಿ. ಆದ್ರ ಆಕಿ ಕೈ ಹಂಗ ಗಾಳ್ಯಾಗ ಉಳದ್ವು."



ಕೆಲವು ದಿನಗಳಲ್ಲೇ ಆ ಮನೆಯಲ್ಲಿ ಒಬ್ಬರಾದ ಮೇಲೊಬ್ಬರಿಗೆ ಜ್ವರ ಬಂತು. ಮೊದಲು ಮಲಗಿದವಳು ಆ ಹುಡುಗಿಯೇ. ಅಣ್ಣನವರನ್ನು ಆಮ್ಲಜನಕಕ್ಕಾಗಿ ಆಸ್ಪತ್ರೆಗೆ ಸೇರಿಸಿದರು. ಇದೆಲ್ಲ ಮೂರನೆಯವರಿಂದ ನಮಗೆ ತಿಳಿಯಿತು. ಎಲ್ಲರೂ ಉಳಿದರು. ನನ್ನ ಹೆಂಡತಿಗೆ ಏನೂ ಆಗಲಿಲ್ಲ. ಅಂದರೆ ನಾನು ಮಾಡಿದ್ದೇ ಸರಿಯಾಗಿತ್ತು. ಇದನ್ನು ಅವರು ಇಂದಿನವರೆಗೆ ಒಪ್ಪಿಲ್ಲ, ಆ ಚಹಾಕ್ಕೆ ಪಶ್ಚಾತ್ತಾಪದ ಒಂದು ಮಾತನ್ನೂ ಆಡಿಲ್ಲ. ವರ್ಷದ ಪೂಜೆಗೆ ನಮ್ಮನ್ನು ಕರೆಯಲೂ ಇಲ್ಲ. ಅಂಥ ದಿನ ಮತ್ತೆ ಬಂದರೆ ನಾನು ಮತ್ತೆ ಅದೇ ಕೊಡೆ ಹಿಡಿದು ಅಡ್ಡ ನಿಲ್ಲುತ್ತೇನೆ. ಆದರೆ ಸರಿಯಾದದ್ದನ್ನು ಮಾಡಿದವನಿಗೆ ಸಿಗಬೇಕಾದ ನೆಮ್ಮದಿ ನನಗೆ ಸಿಗಲಿಲ್ಲ. ತಪ್ಪು ಅವರದು, ನಾಚಿಕೆ ನನ್ನ ಪಾಲಿಗೆ ಬಂತು. ಕನ್ನಡಿಯ ಮುಂದೆ ಮಾಸ್ಕಿನ ದಾರವನ್ನು ಕಿವಿಗೆ ಸಿಕ್ಕಿಸುವಾಗಲೆಲ್ಲ, ಆ ಹುಡುಗಿ ಅಂಗೈ ಒರೆಸಿಕೊಂಡ ರೀತಿ ಕಣ್ಣಿಗೆ ಕಟ್ಟುತ್ತಿತ್ತು.

ಅದಾದ ಎಷ್ಟೋ ತಿಂಗಳ ಮೇಲೆ, ಯಾರೂ ಮಾಸ್ಕು ಹಾಕದ ಕಾಲದಲ್ಲಿ, ಆಕೆ ಹೊಸಪೇಟೆಗೆ ಬಂದಳು. ಗಂಡನಿಗೆ ಸಂಡೂರಿನಲ್ಲಿ ಕೆಲಸ ಸಿಕ್ಕಿತ್ತು; ಅಲ್ಲಿಗೆ ಹೋಗುವ ದಾರಿಯಲ್ಲಿ ಅತ್ತೆಯನ್ನು ನೋಡಿ ಹೋಗೋಣವೆಂದು ಬಸ್ಸು ಇಳಿದಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಗೇಟಿನ ಹೊರಗೆ ನಿಂತು, ಚೀಲದಿಂದ ಮಾಸ್ಕು ತೆಗೆದು ಹಾಕಿಕೊಂಡಳು. ಹೆಂಡತಿ ಬಾಗಿಲಿಗೆ ಬಂದು ಎರಡೂ ಕೈ ಚಾಚಿದಳು.

"ಒಳಗ ಬಾರವ್ವ."

"ಇಲ್ಲೇ ನಿಂದ್ರತೀನಿ, ಅತ್ತಿ. ಮಾವಾರು ಅದಾರಲ್ಲ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಮನೆಯಲ್ಲಿ ಕಚ್ಚುವ ನಾಯಿಯಿದ್ದರೆ ಯಾರಾದರೂ ಆಡಬಹುದಾದ ಮಾತು ಅದು. ಈ ಸಲ ಗಾಳಿಯಲ್ಲಿ ಉಳಿದವು ನನ್ನ ಹೆಂಡತಿಯ ಕೈಗಳು.

ನಾನೇ ಹೋಗಿ ಗೇಟು ತೆಗೆದೆ. ಆಕೆ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ಮಾಸ್ಕು ಇರ್ಲಿ, ತಗೀಬ್ಯಾಡ" ಎಂದೆ. "ಹೋಗಿ ಅಳವ್ವ, ನಿಮ್ಮತ್ತಿ ಕೂಡ."

ನಾನು ಅಡುಗೆಮನೆಗೆ ಹೋಗಿ ಚೊಂಬಿಗೆ ನೀರು ತುಂಬಿಸಿಕೊಂಡು ಅಲ್ಲೇ ನಿಂತೆ. ಹೊರಗೆ ಅಳು ಎದ್ದಿತು. ತಾಯಿಯನ್ನು ಕರೆದು, ಅವಳ ಗುಣಗಳನ್ನು ಎತ್ತಿ ಹಾಡಿ ಅಳುವ ನಮ್ಮ ಕಡೆಯ ಅಳು; ಕಂಪ್ಲಿಯಲ್ಲಿ ಆಗಬೇಕಿದ್ದದ್ದು. ನಾನು ಆ ಮಾತುಗಳನ್ನು ಕೇಳಲಿಲ್ಲ. ಅವುಗಳ ನಡುವೆ ನನ್ನ ಹೆಂಡತಿಯ ಎದೆಯ ಸಿಳ್ಳೆಯನ್ನು ಮಾತ್ರ ಆಲಿಸುತ್ತಿದ್ದೆ. ಅದು ಏರಿತು, ಒಮ್ಮೆ ತಡೆಯಿತು, ನಾನು ಚೊಂಬು ಹಿಡಿದು ಬಾಗಿಲವರೆಗೆ ಬಂದೆ. ಅಷ್ಟರಲ್ಲಿ ಉಸಿರು ಮರಳಿತು, ಅಳು ಮುಂದುವರಿಯಿತು. ನಾನು ಸಪ್ಪಳವಾಗದಂತೆ ಹಿಂದಕ್ಕೆ ಸರಿದೆ.