ಕಡ್ಡಿ ಮೇಡಂ ನಮ್ಮಮ್ಮನಿಗೆ ಹೇಳಿದ ನಿಜ

ಅಪರೂಪದ, ಜೀವಕ್ಕೇ ಎರವಾಗುವ, ರಕ್ತ ಹೆಪ್ಪುಗಟ್ಟುವ ಕಾಯಿಲೆಗಳ ಚಿಕಿತ್ಸೆಯಲ್ಲಿ ನಮ್ಮ ಆಸ್ಪತ್ರೆಗೆ ಇಂದು ಹೆಸರು ಬಂದಿದ್ದರೆ, ಅದು ಈಗ ನಿವೃತ್ತರಾಗುತ್ತಿರುವ ರಕ್ತರೋಗ ವಿಭಾಗದ ಮುಖ್ಯಸ್ಥರಿಂದ. ಕಡ್ಡಿ ಮುರಿದಂತೆ ಮಾತಾಡುವ ಅವರನ್ನು ನಾವು ಶಿಷ್ಯರು ಹಿಂದಿನಿಂದ ‘ಕಡ್ಡಿ ಮೇಡಂ’ ಎನ್ನುತ್ತಿದ್ದೆವು; ಎದುರಿಗೆ ಬಂದರೆ ಬಾಯಿಗೆ ಬೀಗ. ಅವರ ಪಾಂಡಿತ್ಯದ ವಿಚಾರವನ್ನು ಈ ಅಭಿನಂದನ ಸಂಪುಟದಲ್ಲಿ ಹಿರಿಯರು ಬರೆದಿದ್ದಾರೆ. ನಾನಾದರೋ ಅವರ ಶಿಷ್ಯೆಯಾಗುವ ಮೊದಲು ಅವರ ರೋಗಿ, ಅದಕ್ಕೂ ಮೊದಲು ಅವರ ಕೈಯಲ್ಲಿ ಉಳಿಯದೆ ಹೋದವಳ ತಂಗಿ.

ಆಗ ಅವರು ಕೆಲಸಕ್ಕೆ ಸೇರಿದ ಹೊಸತು. ಚೊಚ್ಚಲ ಬಸುರಿಯಾಗಿದ್ದ ಅಕ್ಕನ ಮೈಮೇಲೆ ಕೆಂಪು ಚುಕ್ಕೆಗಳೆದ್ದು, ಮಾತು ತೊದಲತೊಡಗಿದಾಗ ಆಸ್ಪತ್ರೆಗೆ ಕರೆತಂದೆವು. ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಸಂಖ್ಯೆ ಪಾತಾಳ ಕಂಡಿತ್ತು. ಕಡಿಮೆಯಾದದ್ದನ್ನು ತುಂಬಬೇಕೆಂದು ಯಾರಿಗಾದರೂ ತೋಚುತ್ತದೆ. ಮೇಡಂ ಪ್ಲೇಟ್‌ಲೆಟ್ ಬಾಟಲಿ ಹಾಕಿಸಿದರು. ಸಂಜೆಗೆ ಅಕ್ಕನ ಪ್ರಜ್ಞೆ ತಪ್ಪಿತು. ಮರುದಿನ ಅವಳೂ ಇಲ್ಲ, ಹೊಟ್ಟೆಯಲ್ಲಿದ್ದ ಮಗುವೂ ಇಲ್ಲ.

“ಬಾಟ್ಲಿ ಹಾಕಿದ್ಮೇಲೇ ನನ್ನ ಮಗಳು ಹೋಗಿದ್ದು!” ಎಂದು ಅಮ್ಮ ವಾರ್ಡಿನ ಬಾಗಿಲಲ್ಲಿ ಕೂಗಿಕೊಂಡಳು. ಸಂಕಟದಲ್ಲಿ ಏನೇನೋ ಆಡುತ್ತಿದ್ದಾಳೆಂದು ಎಲ್ಲರೂ ಆ ಮಾತನ್ನು ಅಲ್ಲಿಗೇ ಬಿಟ್ಟರು. ಮೇಡಂ ಬಿಡಲಿಲ್ಲ. ಅಕ್ಕನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಮತ್ತೆ ಮತ್ತೆ ನೋಡಿದರು. ಕೆಂಪು ಕಣಗಳು ಒಡೆದ ತಟ್ಟೆಯ ಹಾಗೆ ಚೂರುಚೂರಾಗಿದ್ದವು. ಹೆಪ್ಪನ್ನು ಅಂಕೆಯಲ್ಲಿಡುವ ಒಂದು ಕಿಣ್ವ ಅಕ್ಕನಲ್ಲಿ ಹುಟ್ಟಿನಿಂದಲೇ ಇರಲಿಲ್ಲವೆಂದೂ, ಮಿದುಳು, ಮೂತ್ರಪಿಂಡಗಳ ಸಣ್ಣ ನಾಳಗಳಲ್ಲೆಲ್ಲ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಅಲ್ಲೇ ಖರ್ಚಾಗುತ್ತಿತ್ತೆಂದೂ ತಿಳಿಯಿತು. ಇನ್ನಷ್ಟು ತುಂಬಿದ್ದು ಹೆಪ್ಪಿಗೇ ಮೇವು ಹಾಕಿದಂತಾಗಿರಬಹುದು. ಒಡಹುಟ್ಟಿದವರಲ್ಲೂ ಇರಬಹುದಾದ ಕಾಯಿಲೆಯೆಂದು ನನ್ನನ್ನೂ ಪರೀಕ್ಷಿಸಿದರು. ನನಗೂ ಇತ್ತು. ಅದಾಗಲೇ ಒಮ್ಮೊಮ್ಮೆ ನನ್ನ ಕೈ ಜೋಮು ಹಿಡಿಯುತ್ತಿತ್ತು, ಕಣ್ಣು ಮಂಜಾಗುತ್ತಿತ್ತು.

ಇದಕ್ಕಿದ್ದ ಚಿಕಿತ್ಸೆ ಆರೋಗ್ಯವಂತರ ರಕ್ತದ ಪ್ಲಾಸ್ಮಾ, ಎಂದರೆ ಕಣಗಳನ್ನು ತೆಗೆದ ತಿಳಿದ್ರವ; ಜೀವನವಿಡೀ ಆಗಾಗ ಏರಿಸುತ್ತಿರಬೇಕು. ಅದೂ ಬಾಟಲಿಯಲ್ಲೇ ಬರುತ್ತದೆ. “ಇವಳ ಮೈಗೆ ಇನ್ನೊಂದು ಬಾಟ್ಲಿ ಹಾಕಕ್ಕೆ ನಾನು ಸತ್ರೂ ಬಿಡಲ್ಲ” ಎಂದು ಅಮ್ಮ ನನ್ನನ್ನು ಮನೆಗೆ ಎಳೆದೊಯ್ದಳು.

ಬಾಯಿ ಬಿಡಬೇಡಿ ಎಂದು ಮೇಲಿನವರು ಎಚ್ಚರಿಸಿದ್ದರೂ ಮೇಡಂ ನಮ್ಮ ಮನೆಗೆ ಬಂದರು. ಕೂತುಕೊಳ್ಳಿ ಎಂದು ಯಾರೂ ಅನ್ನಲಿಲ್ಲ.

“ನೀವು ಹೇಳಿದ್ದು ಸರಿ ಅಮ್ಮ. ಆ ಬಾಟ್ಲಿ ಹಾಕಬಾರದಿತ್ತು. ಹಾಕಿಸಿದ್ದು ನಾನು. ಅದರಿಂದಲೇ ಹೋದ್ಲು ಅಂತ ಹೇಳಕ್ಕಾಗಲ್ಲ, ಅಲ್ಲ ಅಂತಾನೂ ಹೇಳಕ್ಕಾಗಲ್ಲ.”

ಅಮ್ಮ ನನ್ನತ್ತ ಕೈ ತೋರಿಸಿದಳು. “ಮತ್ತೆ ಇವಳಿಗೆ ಹಾಕೋದು?”

“ಇವಳ ರಕ್ತದಲ್ಲಿ ಇಲ್ಲದ್ದು ಅದರಲ್ಲಿದೆ. ಹಾಕದಿದ್ರೆ ಇವಳೂ ಉಳಿಯಲ್ಲ.”

“ಹಾಗಾದ್ರೆ ನೀವೇ ಹಾಕಿ. ಮುಗಿಯೋವರೆಗೂ ಪಕ್ಕದಲ್ಲೇ ಕೂತಿರಬೇಕು.”

ಮೇಡಂ ಕೂತರು. ನಾನು ವೈದ್ಯಕೀಯ ಓದಿ ಅವರದೇ ವಿಭಾಗಕ್ಕೆ ಸೇರಿದ ಮೇಲೂ, ನನಗೆ ಪ್ಲಾಸ್ಮಾ ಏರಿಸುವ ದಿನ ಎಂತಹ ಸಭೆಯಿದ್ದರೂ ಬಿಟ್ಟು ಬಂದು ಕೂರುತ್ತಿದ್ದರು. ಹೊಸ ವಿದ್ಯಾರ್ಥಿಗಳಿಗೆ ಮೊದಲ ಪಾಠದಲ್ಲೇ ಅಕ್ಕನ ರಕ್ತದ ಗಾಜುಪಟ್ಟಿ ತೋರಿಸಿ, “ಇಲ್ಲಿ ತಪ್ಪಿದ್ದು ನಾನು” ಎನ್ನುತ್ತಿದ್ದರು. ಆ ಪಾಠ ಕೇಳಿದವರ ಕೈಯಲ್ಲಿ ಎಷ್ಟೋ ಜೀವಗಳು ಉಳಿದಿವೆ. ಇದನ್ನೆಲ್ಲ ಅಭಿನಂದನ ಸಂಪುಟದಲ್ಲಿ ಬರೆಯಬಹುದೇ ಎಂದು ಅಳುಕುತ್ತಲೇ ಅವರನ್ನು ಕೇಳಿದೆ. “ಇದನ್ನ ಬಿಟ್ಟು ಬರೆಯೋದಾದ್ರೆ ಬರೀಲೇಬೇಡ” ಎಂದರು.

ಅಮ್ಮ ಅವರನ್ನು ಕ್ಷಮಿಸಿದಳೆಂದು ಬರೆದರೆ ಸುಳ್ಳಾದೀತು. ಇಷ್ಟು ವರ್ಷಗಳಲ್ಲಿ ಅವರೊಡನೆ ಒಂದು ನಗುವನ್ನೂ ಹಂಚಿಕೊಂಡವಳಲ್ಲ. ಈ ಲೇಖನಕ್ಕೆ ಹಾರೈಕೆಯ ಮಾತೊಂದು ಬೇಕೆಂದಾಗ ಮಾತ್ರ ಹೇಳಿದಳು: “ನೂರು ವರ್ಷ ಬಾಳಲಿ ಅಂತ ಬರಿ. ಅಷ್ಟೂ ವರ್ಷ ನನ್ನ ದೊಡ್ಡ ಮಗಳನ್ನ ಮರೀದೆ ಇರಲಿ ಅಂತಾನೂ ಬರಿ.”

ಗುರುಗಳಿಗೆ ಇದಕ್ಕಿಂತ ನಿಜವಾದ ಹಾರೈಕೆ ನನಗೆ ಗೊತ್ತಿಲ್ಲ. ಒಂದಕ್ಷರವನ್ನೂ ಬದಲಿಸದೆ ಒಪ್ಪಿಸುತ್ತಿದ್ದೇನೆ.